ಬಾವಿ ತೋಡಬೇಕಾಗಿದ್ದವರು ಯಾರು?

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂಬ ಗಾದೆಯನ್ನು ನಾವು ಹೇಳುವುದು ಹೆಚ್ಚಾಗಿ ನಗುವುದಕ್ಕೆ. ಉರಿಯುವ ಮನೆಯ ಮುಂದೆ ಗುದ್ದಲಿ ಹಿಡಿದು ನಿಂತವನ ಪೆದ್ದುತನ ಕಣ್ಣಿಗೆ ಕಟ್ಟುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಗುದ್ದಲಿ ಹಿಡಿದವನು ತಡವಾಗಿಯಾದರೂ ಏನೋ ಮಾಡುತ್ತಿದ್ದಾನೆ. ಬೆಂಕಿಯಿಲ್ಲದ ಅಷ್ಟು ವರ್ಷ ಬಾವಿ ತೋಡದೆ ಕುಳಿತವರು ಗಾದೆಯಲ್ಲಿ ಎಲ್ಲೂ ಕಾಣಿಸುವುದಿಲ್ಲ. ಮನೆ ಉರಿಯುವ ಹೊತ್ತಿಗೆ ಅವರು ಬೇರೆ ಊರಿನಲ್ಲಿ ಇದ್ದಿರಲೂಬಹುದು. ನಮ್ಮಲ್ಲಿ ಪ್ರತಿ ಅನಾಹುತದ ನಂತರ ಹೊಣೆ ಯಾರದೆಂಬ ಚರ್ಚೆ ಎದ್ದಾಗ ತಪ್ಪಿಸಿಕೊಳ್ಳುವವರು ಇವರೇ.

ಕರಾವಳಿಯಲ್ಲಿ ಬಾವಿ ತೋಡಿಸುವವರು ಏಪ್ರಿಲ್, ಮೇ ತಿಂಗಳಿಗೆ ಕಾಯುತ್ತಾರೆ. ನೆಲದಡಿಯ ನೀರು ತೀರ ಕೆಳಗಿಳಿದಿರುವ ಕಾಲ ಅದು. ಆಗ ಕಂಡ ನೀರು ವರ್ಷವಿಡೀ ಕೈ ಬಿಡುವುದಿಲ್ಲ ಎಂಬ ಭರವಸೆ. ಬಿಸಿಲು ನೆತ್ತಿ ಸುಡುವಾಗ, ಕೆಲಸಕ್ಕೆ ಯಾರೂ ಒಪ್ಪದಿರುವಾಗಲೇ ಆಗಬೇಕಾದ ಕೆಲಸವದು. ಗಾದೆ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು. ಮುನ್ನೆಚ್ಚರಿಕೆಗೂ ಒಂದು ಕಾಲವಿದೆ, ಅದು ಯಾವಾಗಲೂ ಅನಾಹುತದ ನೆನಪು ಮಾಸಿರುವ ಕಾಲವೇ ಆಗಿರುತ್ತದೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿಯಿತು. ಗುಡ್ಡದ ಬುಡದಲ್ಲಿದ್ದ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಎಲ್ಲವೂ ಮಣ್ಣಿನ ಪಾಲಾದವು. ಗ್ಯಾಸ್ ಟ್ಯಾಂಕರೊಂದು ಗಂಗಾವಳಿ ನದಿಗೆ ಹೋಗಿ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹೆದ್ದಾರಿಗೂ ಗುಡ್ಡಕ್ಕೂ ಸಂಬಂಧವೇ ಇಲ್ಲದೆ ತಮ್ಮ ಪಾಡಿಗೆ ತಾವಿದ್ದ ಜನ ಅವರು. ಕೇರಳದ ಚಾಲಕರೊಬ್ಬರ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ.

ಆ ದಿನಗಳ ಜಗಳ ಹೆಚ್ಚಾಗಿ ಕಾಣೆಯಾದವರ ಹುಡುಕಾಟದ ಸುತ್ತ ನಡೆಯಿತು. ಯಂತ್ರ ತಡವಾಗಿ ಬಂತೇ, ಮಣ್ಣಿನಲ್ಲಿ ಹುಡುಕಬೇಕಿತ್ತೋ ನೀರಿನಲ್ಲೋ, ಸೇನೆಯನ್ನು ಮೊದಲೇ ಕರೆಯಬೇಕಿತ್ತೇ. ಮನೆಯವರು ಕಾದು ಕುಳಿತಿರುವಾಗ ಈ ಪ್ರಶ್ನೆಗಳು ಏಳುವುದು ಸಹಜ, ಏಳಲೂಬೇಕು. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಜುಲೈ 16ಕ್ಕಿಂತ ಬಹಳ ಹಿಂದಿನದು. ಈ ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ ಉದ್ದಕ್ಕೂ ಗುಡ್ಡಗಳನ್ನು ಕಡಿದು ನಿಲ್ಲಿಸಿದ್ದಾರೆ. ನಮ್ಮ ಕರಾವಳಿಯಲ್ಲಿ ಮೇಲೆ ಗಟ್ಟಿ ಮುರಕಲ್ಲು ಇದ್ದರೂ ಹಲವೆಡೆ ಅದರಡಿಯಲ್ಲಿ ಶೇಡಿ ಮಣ್ಣಿನ ಪದರವಿರುತ್ತದೆ. ಒಣಗಿದ್ದಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ, ನೀರು ಕುಡಿದರೆ ಸಡಿಲಾಗಿ ಜಾರುತ್ತದೆ. ಹಿತ್ತಿಲ ಧರೆ ಕಡಿದು ಮನೆ ಕಟ್ಟುವ ಸಾಮಾನ್ಯ ಮನುಷ್ಯನಿಗೂ ಇದು ತಿಳಿದಿದೆ. ಅವನು ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸುತ್ತಾನೆ, ಮೇಲಿನ ನೀರು ಇತ್ತ ಬರದಂತೆ ನೆತ್ತಿಯಲ್ಲಿ ಚರಂಡಿ ತೆಗೆಸುತ್ತಾನೆ, ಕೆಳಗೆ ಕಲ್ಲು ಕಟ್ಟಿಸಿ ನೀರು ಸೋರಲು ಕಂಡಿ ಬಿಡಿಸುತ್ತಾನೆ. ಇಷ್ಟೂ ತಿಳಿವಳಿಕೆ ಒಂದು ಹೆದ್ದಾರಿಯ ನಕ್ಷೆಯಲ್ಲಿ ಇರಲೇಬೇಕಿತ್ತು. ಶಿರೂರಿನ ನಕ್ಷೆಗೆ ಒಪ್ಪಿಗೆ ಕೊಟ್ಟವರು ಯಾರು? ಅಲ್ಲಿನ ಇಳಿಜಾರನ್ನು ನೋಡಿ ‘ಸರಿಯಿದೆ’ ಎಂದು ಸಹಿ ಹಾಕಿದವರು ಯಾರು? ಪ್ರತಿ ಮಳೆಗಾಲಕ್ಕೆ ಮೊದಲು ಅದನ್ನು ಪರೀಕ್ಷಿಸಬೇಕಾದವರು ಯಾರು? ಈ ಹೆಸರುಗಳು ಕಡತಗಳಲ್ಲಿ ಇರುತ್ತವೆ. ಟಿವಿಯ ಮುಂದೆ ಮಳೆಯಲ್ಲಿ ನೆನೆಯುತ್ತ ನಿಂತು ಉತ್ತರ ಹೇಳುವ ಅಧಿಕಾರಿ ಮಾತ್ರ ಬಹಳ ಸಲ ನಿನ್ನೆ ಮೊನ್ನೆ ವರ್ಗವಾಗಿ ಬಂದವರು.

ಶಿರೂರಾಗಿ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ಗುಡ್ಡ ಕುಸಿದು ಕೇರಳದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಶವಗಳು ಚಾಲಿಯಾರ್ ನದಿಯಲ್ಲಿ ತೇಲಿಬರುತ್ತಿರುವಾಗಲೇ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಜುಲೈ 23ರಿಂದಲೇ ಎಚ್ಚರಿಕೆ ಕೊಟ್ಟಿದ್ದೆವು ಎಂದು ಸಂಸತ್ತಿನಲ್ಲಿ ಹೇಳಿದರು. ದುರಂತಕ್ಕೆ ಮೊದಲು ಅಲ್ಲಿಗೆ ರೆಡ್ ಅಲರ್ಟ್ ಇರಲಿಲ್ಲ ಎಂದು ಕೇರಳದ ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಮರುನುಡಿದರು. ಒಂದು ವಾರದ ಎಚ್ಚರಿಕೆಯ ಮೇಲೆ ಇಷ್ಟೊಂದು ವಾದ. ಆದರೆ ಪಶ್ಚಿಮ ಘಟ್ಟವನ್ನು ಉಳಿಸುವ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ ವರದಿ ಕೊಟ್ಟಿದ್ದು 2011ರಲ್ಲಿ, ಕಸ್ತೂರಿರಂಗನ್ ಸಮಿತಿಯದು 2013ರಲ್ಲಿ. ಆ ವರದಿಗಳ ಎಚ್ಚರಿಕೆಯನ್ನು ಬದಿಗಿಟ್ಟವರ ಲೆಕ್ಕವನ್ನೂ ಆ ವಾರ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು. ಕೇಳಿದ್ದರೆ ಉತ್ತರ ಹೇಳಬೇಕಾದವರು ಎಲ್ಲ ಪಕ್ಷಗಳಲ್ಲೂ ಇದ್ದರು.

ಕರ್ನಾಟಕವೂ ಇದರಿಂದ ಹೊರತಲ್ಲ. ಸರ್ಕಾರಗಳು ಬದಲಾದರೂ ಕಸ್ತೂರಿರಂಗನ್ ವರದಿ ಬೇಡವೆಂಬ ನಿಲುವು ಬದಲಾಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ, ಶಿರೂರಿನ ನದಿಯಲ್ಲಿ ಇನ್ನೂ ಹುಡುಕಾಟ ನಡೆದಿದ್ದ ತಿಂಗಳಲ್ಲೇ, ಸಚಿವ ಸಂಪುಟ ಅದನ್ನು ಮತ್ತೆ ತಿರಸ್ಕರಿಸಿತು. ಮಲೆನಾಡಿನ ಸಣ್ಣ ಹಿಡುವಳಿದಾರರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ತಮ್ಮ ತೋಟ ತಮಗುಳಿಯಬೇಕೆಂಬುದು ನ್ಯಾಯವಾದ ಮಾತು. ಆದರೆ ವರದಿಯನ್ನು ಬೇಡವೆಂದ ಸರ್ಕಾರ ಅದರ ಬದಲು ಗುಡ್ಡವನ್ನು ಏನು ಮಾಡಿ ಉಳಿಸುತ್ತದೆ ಎಂಬುದನ್ನೂ ಅದೇ ದಿನ ಹೇಳಬೇಕು. ಹೇಳದಿದ್ದರೆ ಮುಂದಿನ ಕುಸಿತದ ಹೊಣೆಯಲ್ಲಿ ಆ ತೀರ್ಮಾನಕ್ಕೂ ಪಾಲಿದೆ.

ನಮ್ಮ ಕಾನೂನಿಗೂ ಗಾದೆಯ ದೋಷವೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಪ್ರಾಧಿಕಾರಕ್ಕೆ ಪ್ರಧಾನಿ, ರಾಜ್ಯದ್ದಕ್ಕೆ ಮುಖ್ಯಮಂತ್ರಿ, ಜಿಲ್ಲೆಯದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. 56ನೇ ಸೆಕ್ಷನ್ ಕರ್ತವ್ಯ ನಿರಾಕರಿಸಿದ ಅಥವಾ ಬಿಟ್ಟುಹೋದ ಅಧಿಕಾರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎನ್ನುತ್ತದೆ. 59ನೇ ಸೆಕ್ಷನ್ ಪ್ರಕಾರ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕು. ಬೆಂಕಿಯ ದಿನ ಕೊಡ ಬಿಸಾಕಿ ಓಡಿದವನನ್ನು ಈ ಕಾನೂನು ಹಿಡಿಯಬಹುದು. ಹತ್ತು ವರ್ಷ ಬಾವಿ ತೋಡಿಸದವನನ್ನು ಹಿಡಿಯುವುದು ಕಷ್ಟ. ಹಣದ ಹಂಚಿಕೆಯಲ್ಲೂ ಇದೇ ಒಲವು. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 80ನ್ನು ಪರಿಹಾರ ಕಾರ್ಯಕ್ಕೆ, ಶೇ 20ನ್ನು ಅಪಾಯ ತಗ್ಗಿಸುವ ಕೆಲಸಕ್ಕೆ ಎಂದು ಇಟ್ಟಿತು. ಆ ಶೇ 20 ಕೂಡ 2021ರಿಂದೀಚೆಗೆ ಬಂದದ್ದು.

ಬಾವಿ ತೋಡಿಸಿದ ರಾಜ್ಯವೂ ನಮ್ಮ ದೇಶದಲ್ಲೇ ಇದೆ. 1999ರ ಅಕ್ಟೋಬರ್‌ನ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. ಆ ರಾಜ್ಯ ಅದೇ ವರ್ಷ ವಿಪತ್ತಿಗೆಂದೇ ಪ್ರತ್ಯೇಕ ಪ್ರಾಧಿಕಾರ ಕಟ್ಟಿತು. ಕಡಲ ತೀರದುದ್ದಕ್ಕೂ ನೆಲದಿಂದ ಎತ್ತರಕ್ಕೆ ಆಶ್ರಯ ಕಟ್ಟಡಗಳನ್ನು ಎಬ್ಬಿಸಿ, ಅವುಗಳ ಜವಾಬ್ದಾರಿಯನ್ನು ಊರಿನ ಸಮಿತಿಗಳಿಗೆ ವಹಿಸಿತು. ಉಳಿದ ದಿನ ಅವುಗಳಲ್ಲಿ ಹಲವು ಶಾಲೆಗಳಾಗಿ ನಡೆಯುತ್ತವೆ. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು, ಸಾವು ಹತ್ತಾರರಲ್ಲೇ ನಿಂತಿತು. ಗಾಳಿಯ ಅಬ್ಬರ ಕಡಿಮೆಯೇನೂ ಇರಲಿಲ್ಲ. ‘ಪ್ರಕೃತಿ ವಿಕೋಪ, ಯಾರೇನು ಮಾಡಲು ಸಾಧ್ಯ’ ಎಂದು ಕೈಚೆಲ್ಲುವವರು ಈ ಎರಡು ಲೆಕ್ಕಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

ಗುಡ್ಡದ ಬುಡದಲ್ಲಿ ಚಹಾ ಮಾರಿದವರ ಮೇಲೂ, ವಯನಾಡಿನಲ್ಲಿ ಹಳ್ಳದ ಅಂಚಿನ ಲೈನ್ ಮನೆಯಲ್ಲಿ ಮಲಗಿದ್ದ ತೋಟದ ಕೂಲಿಗಳ ಮೇಲೂ ಹೊಣೆ ಹೊರಿಸುವ ಮಾತು ಆಗಾಗ ಕೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಬೇರೆ ಜಾಗವೇ ಇಲ್ಲದವನಿಗೆ ಜಾಗದ ಆಯ್ಕೆಯ ಹೊಣೆಯೂ ಇಲ್ಲ. ಓದು ಬಲ್ಲ, ಅರ್ಜಿ ಬರೆಯಬಲ್ಲ ನಮ್ಮಂಥವರ ಮೇಲೆ ಮಾತ್ರ ಒಂದಿಷ್ಟು ಹೊಣೆ ಖಂಡಿತ ಇದೆ.

ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಸೆಕ್ಷನ್ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು ಎನ್ನುತ್ತದೆ. ಬರುವ ಏಪ್ರಿಲ್‌ನಲ್ಲಿ, ಮಳೆ ಬರುವ ಮೊದಲು, ನಿಮ್ಮ ಜಿಲ್ಲೆಯ ಯೋಜನೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಕಳೆದ ಸಲ ಪರಿಷ್ಕರಿಸಿದ್ದು ಯಾವಾಗ, ನಿಮ್ಮೂರಿನ ಧರೆ, ಹಳ್ಳ, ಕೆರೆಯ ಏರಿ ಅದರಲ್ಲಿ ಇವೆಯೇ, ಒಂದೊಂದಕ್ಕೂ ಹೊಣೆಯಾದ ಅಧಿಕಾರಿ ಯಾರು ಎಂಬುದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಉತ್ತರ ಬಂದರೆ ಗ್ರಾಮಸಭೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಬಾರದಿದ್ದರೆ ಬರಲಿಲ್ಲವೆಂದು ಸಭೆಯ ನಡಾವಳಿಯಲ್ಲಿ ದಾಖಲು ಮಾಡಿಸಿ.