ನಾಮಾನನ ಮನೆಯ ಹುಡುಗಿ



ಕ್ರಿಸ್ತಜಯಂತಿಯ ಗೋದಲಿಯನ್ನು ಬಿಚ್ಚಿಟ್ಟಾಯಿತು, ಕೊಡೈಕಾನಲ್‌ನ ಚಳಿ ಮಾತ್ರ ಬಿಟ್ಟಿಲ್ಲ. ಏಳು ಸಾವಿರ ಅಡಿ ಎತ್ತರದ ಈ ಊರಿನಲ್ಲಿ ಜನವರಿಯ ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕೂತಿರುತ್ತದೆ. ಕಳೆದ ಭಾನುವಾರ ಪ್ರಬೋಧನೆಯ ನಡುವೆ ಮಕ್ಕಳ ಸಾಲಿನ ಕೆಮ್ಮು ನನ್ನ ಧ್ವನಿಗಿಂತ ಜೋರಾಗಿತ್ತು. ಈ ತಿಂಗಳು ಅದರ ಬಗ್ಗೆಯೇ ಬರೆಯುತ್ತೇನೆ.

ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಸಿರಿಯಾದ ಸೇನಾಪತಿ ನಾಮಾನನ ಕಥೆ ಇದೆ. ಕುಷ್ಠರೋಗಿಯಾದ ಅವನನ್ನೂ ಪ್ರವಾದಿ ಎಲೀಷನನ್ನೂ ನಾವು ನೆನಪಿಡುತ್ತೇವೆ. ದಾರಿ ತೋರಿಸಿದವಳನ್ನು ಮರೆಯುತ್ತೇವೆ. ಅವಳು ಇಸ್ರಯೇಲಿನಿಂದ ಸೆರೆಹಿಡಿದು ತಂದ ಒಬ್ಬ ಪುಟ್ಟ ಹುಡುಗಿ. ಗ್ರಂಥ ಅವಳ ಹೆಸರನ್ನೂ ಹೇಳುವುದಿಲ್ಲ. ಪರನಾಡಿನಲ್ಲಿ, ಪರಭಾಷೆಯವರ ಮನೆಯಲ್ಲಿ ಅವಳು ಒಂದು ಮಾತು ಆಡಿದಳು; ದೊಡ್ಡವರು ಕಿವಿಗೊಟ್ಟರು.

ನಮ್ಮ ಮನೆಗಳನ್ನು ನೋಡಿ. ಬೀದಿಯಲ್ಲಿ ತಮಿಳು, ಪಠ್ಯಪುಸ್ತಕದಲ್ಲಿ ಇಂಗ್ಲಿಷ್, ಅಜ್ಜಿಯ ಜಪಸರದಲ್ಲಿ ಕನ್ನಡ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರ ತಮಿಳನ್ನು ಕನ್ನಡದಲ್ಲಿ ಹೇಳುವವಳು ಹತ್ತು ವರ್ಷದ ಮೊಮ್ಮಗಳು. ಆ ಮಗುವಿಗೆ ಸರಿಯಾದುದನ್ನು ಕಲಿಸಿದರೆ ಇಡೀ ಮನೆಗೆ ಕಲಿಸಿದಂತೆ.

ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ ಬಾ ಎಂದಾಗ ನಾಮಾನನಿಗೆ ಸಿಟ್ಟು ಬಂತು. ಇಷ್ಟೇನಾ ಚಿಕಿತ್ಸೆ? ನಾವೂ ಹಾಗೆಯೇ. ಇಂಜೆಕ್ಷನ್ ಕೊಟ್ಟರೆ ಸಮಾಧಾನ, ಸೋಪು ಹಚ್ಚಿ ಕೈ ತೊಳೆಯಿರಿ ಎಂದರೆ ಅಸಮಾಧಾನ. ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ಆಂಟಿಬಯೋಟಿಕ್ ಅದನ್ನು ಕೊಲ್ಲುವುದಿಲ್ಲ. ಇಲ್ಲಿನ ತಣ್ಣೀರಿಗೆ ಹೆದರಿ ಮಕ್ಕಳು ಬೆರಳ ತುದಿ ಒದ್ದೆ ಮಾಡಿ ಓಡುತ್ತಾರೆ. ಒಂದು 'ನಮೋ ಮರಿಯ'ವನ್ನು ಅವಸರವಿಲ್ಲದೆ ಮನಸ್ಸಿನಲ್ಲೇ ಹೇಳಿ ಮುಗಿಸುವವರೆಗೆ, ಸುಮಾರು 20 ಸೆಕೆಂಡು, ಕೈ ಉಜ್ಜಲು ಕಲಿಸಿ. ತಣ್ಣೀರಾದರೂ ಸೋಪು ತನ್ನ ಕೆಲಸ ಮಾಡುತ್ತದೆ. ಒಂದು ಚೊಂಬು ಬಿಸಿನೀರು ಬೆರೆಸಿಕೊಟ್ಟರೆ ಮಗು ನಿಂತು ತೊಳೆಯುತ್ತದೆ. ಕೆಮ್ಮು ಬಂದರೆ ಅಂಗೈಗಲ್ಲ, ಮೊಣಕೈ ಮಡಿಕೆಗೆ.

ಇಲ್ಲಿನ ಅಂಗಡಿಗಳಲ್ಲಿ ಸಾಲಾಗಿ ಕಾಣುವ ನೀಲಗಿರಿ ಎಣ್ಣೆಯ ಬಗ್ಗೆ ಒಂದು ಮಾತು. ಅದನ್ನು ಮಕ್ಕಳಿಗೆ ಕುಡಿಸಬೇಡಿ, ಕೂಸಿನ ಮೂಗಿಗೆ ಬಿಡಬೇಡಿ. ಸ್ವಲ್ಪವೇ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಒಂದು ವರ್ಷ ತುಂಬದ ಕೂಸಿಗೆ ಜೇನೂ ಬೇಡ. ಬಾಗಿಲು ಮುಚ್ಚಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವುದಂತೂ ಬೇಡವೇ ಬೇಡ. ಅದರ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ನನ್ನದೇ ತಪ್ಪೊಂದನ್ನು ಹೇಳಬೇಕು. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ, ಧರ್ಮೋಪದೇಶ ತರಗತಿಗೆ ವರ್ಷವಿಡೀ ಒಂದು ದಿನವೂ ತಪ್ಪಿಸದವರಿಗೆ ಬಹುಮಾನ ಕೊಡುತ್ತಿದ್ದೆ. ಒಬ್ಬ ಹುಡುಗ ಜ್ವರವನ್ನು ತಾಯಿಗೂ ಹೇಳದೆ ಬಂದು ಮುಂದಿನ ಬೆಂಚಿನಲ್ಲಿ ನಡುಗುತ್ತಾ ಕೂತಿದ್ದ. ಮುಂದಿನ ವಾರ ಆ ಬೆಂಚು ಪೂರ್ತಿ ಖಾಲಿ. ಅವನ ಅಜ್ಜಿ ಉಸಿರಾಟದ ತೊಂದರೆಯಿಂದ ಹದಿನೈದು ದಿನ ಆಸ್ಪತ್ರೆಯಲ್ಲಿದ್ದರು. ನಾನು ರೋಗಿಗಳ ಅಭ್ಯಂಗ ಕೊಡಲು ಹೋದಾಗ ಹುಡುಗ ಬಾಗಿಲ ಬಳಿ ನಿಂತು, "ಸ್ವಾಮಿ, ನನ್ನ ಹೆಸರು ಹೊಡೆದುಹಾಕಬೇಡಿ" ಎಂದ. ಅವನು ಹೇಳಿದ್ದು ಹಾಜರಿ ಪುಸ್ತಕದ ಬಗ್ಗೆ. ಅಜ್ಜಿ ಮನೆಗೆ ಮರಳಿದರು, ದೇವರಿಗೆ ಸ್ತೋತ್ರ. ಆ ಬಹುಮಾನವನ್ನು ಮಾತ್ರ ಆಮೇಲೆ ನಾನು ಎಲ್ಲೂ ಕೊಟ್ಟಿಲ್ಲ.

ಜ್ವರ ಬಂದ ಮಗು ಭಾನುವಾರದ ಬಲಿಪೂಜೆ ತಪ್ಪಿಸಿದರೆ ಪಾಪವಲ್ಲ. ಅದನ್ನು ನೋಡಿಕೊಳ್ಳುವ ತಾಯಿ ತಪ್ಪಿಸಿದರೂ ಅಲ್ಲ. ಧರ್ಮಸಭೆಯೇ ಹೀಗೆ ಬೋಧಿಸುತ್ತದೆ. ಯಾಯೀರನ ಮಗಳನ್ನು ಎಬ್ಬಿಸಿದ ಪ್ರಭು ಆಕೆಗೆ ಊಟ ಕೊಡಿ ಎಂದರಲ್ಲವೇ? ಗಂಜಿ ಕೊಡಿ, ಆಗಾಗ ನೀರು ಕುಡಿಸಿ, ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಉಸಿರು ವೇಗವಾದರೆ, ಪಕ್ಕೆ ಒಳಗೆ ಸೆಳೆದರೆ, ಮಗು ಕುಡಿಯಲೂ ಆಗದೆ ಮಂಕಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಬಹುದು.

ಫೆಬ್ರವರಿ 3 ಸಂತ ಬ್ಲೇಸ್‌ರ ಸ್ಮರಣೆ. ಅಂದು ಎಂದಿನಂತೆ ಎರಡು ಮೇಣದಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಹಿಡಿದು ಗಂಟಲಿನ ಆಶೀರ್ವಾದ ನೀಡಲಾಗುವುದು. ಕೆಮ್ಮು, ಜ್ವರ ಇರುವ ಮಕ್ಕಳನ್ನು ಕರೆತರಬೇಡಿ. ಮನೆಯ ಗುರುತು ಹೇಳಿ ಕಳುಹಿಸಿ, ಸಂಜೆ ಮೇಣದಬತ್ತಿ ಹಿಡಿದು ನಾನೇ ಬರುತ್ತೇನೆ.