ಸಿಡಿಲು ಯಾರ ಪಾಪ ನೋಡಿ ಬೀಳುತ್ತದೆ?

ಮುಂಗಾರಿಗೆ ಮುಂಚಿನ ಮಳೆ ನಮ್ಮ ಸಂಶಿ ಊರಿನ ಕಡೆ ಗುಡುಗು ಸಿಡಿಲು ಕಟ್ಟಿಕೊಂಡೇ ಬರುತ್ತದೆ. ಕಣ್ಣು ಹಾಯುವಷ್ಟು ದೂರ ಎರೆಹೊಲ, ನಡುವೆ ಅಲ್ಲೊಂದು ಇಲ್ಲೊಂದು ಬೇವಿನ ಗಿಡ. ಮಳೆಗೆ ಹೆದರಿ ಗಿಡದ ಬುಡಕ್ಕೆ ಓಡಿದವನಿಗೇ ಸಿಡಿಲು ಬಡಿಯುತ್ತದೆ. ಹಾಗೆ ಸತ್ತ ಹುಡುಗನೊಬ್ಬನ ಮನೆಯ ಕಟ್ಟೆಯ ಮೇಲೆ ನಾನು ಕೂತಿದ್ದೆ. ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು, "ಯಾವ ಜನ್ಮದ ಪಾಪಾನೋ ಏನೋ, ಯವ್ವಾ" ಅಂದರು. ಅವರ ದನಿಯಲ್ಲಿ ಕರುಣೆಯೇ ಇತ್ತು. ಆದರೆ ಅಲ್ಲಿಯವರೆಗೆ ಬರೀ ಅಳುತ್ತಿದ್ದ ತಾಯಿ ಆ ಮಾತಿನ ನಂತರ ಲೆಕ್ಕ ಹಾಕತೊಡಗಿದಳು: ಯಾವ ಹರಕೆ ತಪ್ಪಿದೆ, ಯಾರ ಶಾಪ ತಟ್ಟಿದೆ.

ಈ ಲೆಕ್ಕವನ್ನು ಅಳಿಸಲೆಂದೇ ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕವಿಯೊಬ್ಬ ಕಾವ್ಯ ಬರೆದ. ಅವನ ಹೆಸರು ಲುಕ್ರೇಷಿಯಸ್. ಕ್ರಿ.ಪೂ. ಮೊದಲ ಶತಮಾನದವನು. ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್‌ನ ವಿಚಾರಗಳನ್ನು ಸುಮಾರು 7,400 ಸಾಲುಗಳ ಲ್ಯಾಟಿನ್ ಕಾವ್ಯವಾಗಿಸಿ, ಅದಕ್ಕೆ 'ವಸ್ತುಗಳ ಸ್ವಭಾವ' ಎಂಬರ್ಥದ ಹೆಸರಿಟ್ಟ. ಆರು ಭಾಗಗಳ ಆ ಕಾವ್ಯದ ಕೊನೆಯ ಭಾಗದಲ್ಲಿ ಅವನು ಸಿಡಿಲಿನ ಬಗ್ಗೆ ನೇರವಾಗಿ ಕೇಳುತ್ತಾನೆ. ಸಿಡಿಲು ದೇವರ ದಂಡನೆಯಾದರೆ ಅದು ಪಾಪಿಗಳನ್ನು ಬಿಟ್ಟು ನಿರಪರಾಧಿಗಳಿಗೆ ಬಡಿಯುವುದೇಕೆ? ಯಾರೂ ಇಲ್ಲದ ಬಯಲಲ್ಲಿ, ಸಮುದ್ರದ ಮೇಲೆ ಬೀಳುವುದೇಕೆ? ದೇವರ ಗುಡಿಗಳನ್ನೇ ಒಡೆಯುವುದೇಕೆ?

ದೇವರಿಲ್ಲ ಎಂದು ಅವನು ಹೇಳಲಿಲ್ಲ. ದೇವರುಗಳು ತಮ್ಮ ಶಾಂತಿಯಲ್ಲಿ ಇದ್ದಾರೆ, ಸಿಡಿಲೆಸೆಯುವ ಕೆಲಸ ಅವರದಲ್ಲ ಎಂದ. ಮೋಡಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆಂಕಿಯ ಬೀಜಗಳು ಸಿಡಿಯುತ್ತವೆ ಎಂಬ ಅವನ ವಿವರಣೆ ಇಂದು ನಿಲ್ಲುವುದಿಲ್ಲ. ಮೋಡದೊಳಗಿನ ವಿದ್ಯುತ್ತು ನೆಲಕ್ಕಿಳಿಯಲು ಎತ್ತರದ ವಸ್ತುವನ್ನು ಹುಡುಕುತ್ತದೆ ಎಂದು ಈಗ ನಮಗೆ ಗೊತ್ತು. ಉತ್ತರ ತಪ್ಪಿದರೂ ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮಳೆ ತಡವಾದರೆ ನಮ್ಮ ಕಡೆ ಹುಡುಗರು ಮಳೆ ಬೇಡುವ ಗುರ್ಜಿ ಹೊತ್ತು ಮನೆಮನೆಗೆ ಬರುತ್ತಾರೆ, ಹೆಣ್ಣುಮಕ್ಕಳು ತಲೆಯ ಮೇಲೆ ನೀರು ಸುರಿಯುತ್ತಾರೆ. ಅದರ ಮೇಲೆ ನನಗೆ ಜಗಳವಿಲ್ಲ. ಅದು ಬೇಡಿಕೆ. ಯಾರನ್ನೂ ಅಪರಾಧಿ ಮಾಡದ ಬೇಡಿಕೆ. ನನ್ನ ತಕರಾರು ಪ್ರಕೃತಿಯ ಕೈಗೆ ತೀರ್ಪಿನ ಪುಸ್ತಕ ಕೊಡುವುದರ ಬಗ್ಗೆ ಮಾತ್ರ.

ಲೋಕವನ್ನು ಬರೀ ವಸ್ತುವಿನಿಂದ ವಿವರಿಸುವ ಲುಕ್ರೇಷಿಯಸ್‌ನ ದಾರಿಗೆ ಭೌತವಾದ ಎಂದು ಹೆಸರು. ಆ ಹೆಸರು ಎತ್ತಿದೊಡನೆ ನಮ್ಮಲ್ಲಿ ನೆನಪಾಗುವುದು ಚಾರ್ವಾಕ. ಅವನ ಹಣೆಗೆ ನಾವು ಅಂಟಿಸಿದ ಪಟ್ಟಿ ಸಾಲ ಮಾಡಿ ತುಪ್ಪ ತಿನ್ನುವವನು ಎಂಬುದು. ಈ ಪಟ್ಟಿ ಬಂದದ್ದು ಹೇಗೆ? ಚಾರ್ವಾಕನ ಹಾದಿಯವರಾದ ಲೋಕಾಯತರ ಮೂಲಗ್ರಂಥಗಳು ಕಳೆದುಹೋದವು. ಉಳಿದದ್ದು ಬಹುಪಾಲು ಎದುರಾಳಿಗಳ ಬಾಯಲ್ಲಿ. ವಿಜಯನಗರ ಕಾಲದ ಮಾಧವಾಚಾರ್ಯರ 14ನೆಯ ಶತಮಾನದ 'ಸರ್ವದರ್ಶನಸಂಗ್ರಹ' ಶುರುವಾಗುವುದೇ ಚಾರ್ವಾಕ ದರ್ಶನದಿಂದ, ಮುಂದಿನ ದರ್ಶನಗಳು ಅದನ್ನು ದಾಟಿ ಹೋಗಲೆಂದು. ಅದಕ್ಕೂ ಮೊದಲು, ತಾಯಿಯ ಕಡೆಯಿಂದ ನಮ್ಮ ಅಣ್ಣಿಗೇರಿಯ ನಂಟಿನ ಪಂಪ 941ರಲ್ಲಿ ಬರೆದ 'ಆದಿಪುರಾಣ'ದ ಮಹಾಬಲ ರಾಜನ ಕಥೆಯಲ್ಲೂ ಭೂತವಾದ ಎಂಬ ಹೆಸರಿನಲ್ಲಿ ಇದೇ ವಾದ ಬರುವುದು ಮಂತ್ರಿ ಸ್ವಯಂಬುದ್ಧ ಅದನ್ನು ಖಂಡಿಸಲೆಂದು. ಕನ್ನಡದ ಮೊದಲ ಮಹಾಕವಿಯ ಕಾವ್ಯದಲ್ಲೇ ಈ ವಾದಕ್ಕೆ ಜಾಗವಿತ್ತು. ಗೆಲ್ಲುವ ಅವಕಾಶ ಮಾತ್ರ ಇರಲಿಲ್ಲ.

ಲುಕ್ರೇಷಿಯಸ್‌ನ ಅದೃಷ್ಟ ಬೇರೆ. ಅವನ ಮಾತನ್ನು ನಂಬದ ಕ್ರೈಸ್ತ ಸನ್ಯಾಸಿಗಳೇ ಅವನ ಕಾವ್ಯವನ್ನು ಇಡಿಯಾಗಿ ನಕಲು ಮಾಡಿ ಉಳಿಸಿದರು. 1417ರಲ್ಲಿ ಪೋಜ್ಜೋ ಎಂಬ ಇಟಲಿಯ ವಿದ್ವಾಂಸನ ಕಣ್ಣಿಗೆ ಅದು ಬಿತ್ತು. ಹೀಗಾಗಿ ಭೌತವಾದಿಯೊಬ್ಬ ತನ್ನದೇ ದನಿಯಲ್ಲಿ, ಪೂರ್ತಿಯಾಗಿ ಮಾತಾಡಿದ್ದನ್ನು ಕೇಳಬೇಕೆಂದರೆ ನಾವು ರೋಮಿಗೆ ಹೋಗಬೇಕಾಗಿದೆ. ಹೋದರೆ ಅಲ್ಲಿ ಕಾಣುವುದು ತುಪ್ಪದ ಗಡಿಗೆಯಲ್ಲ, ವಸ್ತುಗಳನ್ನು ತಾಳ್ಮೆಯಿಂದ ನೋಡುವ ಕಣ್ಣು.

ಬೆರಳ ಉಂಗುರ ವರ್ಷ ಕಳೆದಂತೆ ಸವೆಯುತ್ತದೆ, ನೇಗಿಲ ಕುಳ ಹೊಲದಲ್ಲೇ ಕರಗುತ್ತದೆ, ಒದ್ದೆ ಬಟ್ಟೆ ಬಿಸಿಲಲ್ಲಿ ಆರುತ್ತದೆ. ಹೋದದ್ದು ಹೋಗುವಾಗ ಯಾರೂ ಕಾಣಲಿಲ್ಲ. ಆದ್ದರಿಂದ ವಸ್ತುಗಳು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಆಗಿರಬೇಕು ಎಂದು ಅವನು ವಾದಿಸಿದ. ಸಂಶಿಯ ರೈತನಿಗೆ ಇದನ್ನು ಒಪ್ಪಿಸಲು ಕಷ್ಟವಿಲ್ಲ. ಖಾರ ಕುಟ್ಟುವ ಗಿರಣಿಯ ಮುಂದೆ ಹಾದುಹೋಗುವವನು ಪುಡಿಯನ್ನು ಕಾಣುವ ಮುಂಚೆಯೇ ಸೀನುತ್ತಾನೆ.

ನಮ್ಮ ಲೋಕಾಯತರಿಗೂ ಇಂಥ ಕಣ್ಣಿತ್ತು. ಎಲೆಯಲ್ಲೂ ಇಲ್ಲದ, ಅಡಿಕೆಯಲ್ಲೂ ಸುಣ್ಣದಲ್ಲೂ ಇಲ್ಲದ ಕೆಂಪು ಮೂರೂ ಕೂಡಿದಾಗ ಬಾಯಲ್ಲಿ ಹುಟ್ಟುವಂತೆ, ಮಣ್ಣು, ನೀರಿನಂಥ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂದರಂತೆ. ಆದರೆ ಎದುರಾಳಿಗಳು ಹೇಳುವ ಪ್ರಕಾರ ಅವರು ಪ್ರತ್ಯಕ್ಷವನ್ನು ಬಿಟ್ಟು ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದನ್ನು, ಪ್ರಮಾಣವೆಂದು ಒಪ್ಪಲಿಲ್ಲ. ಅದು ನಿಜವಾಗಿದ್ದರೆ ನಾನು ಲುಕ್ರೇಷಿಯಸ್‌ನ ಕಡೆಗೆ ನಿಲ್ಲುತ್ತೇನೆ. ಸವೆದ ಕುಳದಿಂದ ಕಾಣದ ಕಣಕ್ಕೆ ಹೋಗಲು ಅನುಮಾನವೇ ದಾರಿ.

ಲೋಕವೆಲ್ಲ ಬರೀ ಕಣವಾದರೆ ಪ್ರೀತಿಗೆ ಬೆಲೆ ಎಲ್ಲಿ ಎಂದು ಕೇಳುವವರಿದ್ದಾರೆ. ಅವರು ಅವನ ಕಾವ್ಯದ ಎರಡನೆಯ ಭಾಗದ ಹಸುವನ್ನು ನೋಡಬೇಕು. ಬಲಿಪೀಠದಲ್ಲಿ ಕರುವನ್ನು ಕಡಿದಿದ್ದಾರೆ. ಅದನ್ನರಿಯದ ತಾಯಿ ನೆಲದ ಮೇಲಿನ ಗೊರಸಿನ ಗುರುತು ಹುಡುಕುತ್ತ ಅಲೆಯುತ್ತದೆ, ಮತ್ತೆ ಮತ್ತೆ ಕೊಟ್ಟಿಗೆಗೆ ಬಂದು ನೋಡುತ್ತದೆ. ಎಳೆ ಹುಲ್ಲು ಬೇಡ, ಬೇರೆ ಕರುಗಳೂ ಬೇಡ. ಅದಕ್ಕೆ ಬೇಕಾದದ್ದು ತನ್ನ ಕರು, ಅದೊಂದೇ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಈ ಹಸು ಅಪರಿಚಿತವಲ್ಲ. ನಮ್ಮ ಹಾಡಿನಲ್ಲಿ ತಾಯಿ ಬದುಕಿ ಕರುವಿನ ಬಳಿಗೆ ಮರಳುತ್ತದೆ. ಇಲ್ಲಿ ಕರು ಮರಳುವುದಿಲ್ಲ. ಒಂದು ಕರುವಿನಂತೆ ಇನ್ನೊಂದಿಲ್ಲ ಎಂದು ತೋರಿಸಲು ಅವನು ಈ ಚಿತ್ರ ಬರೆದ. ದೇಹವೇ ಎಲ್ಲ ಎಂದು ನಂಬಿದವನಿಗೆ ಹೋದ ದೇಹ ಮತ್ತೆ ಸಿಗುವುದಿಲ್ಲ ಎಂಬುದು ಎಲ್ಲರಿಗಿಂತ ಹೆಚ್ಚು ಗೊತ್ತು.

ಸಾವು ನಮಗೆ ಏನೂ ಅಲ್ಲ ಎಂಬ ಅವನ ಪ್ರಸಿದ್ಧ ವಾದ ಆ ಕಟ್ಟೆಯ ಮೇಲೆ ಕೂತಿದ್ದ ತಾಯಿಯ ಕಣ್ಣೀರು ಒರೆಸಲಾರದು. ಅದು ತನ್ನ ಸಾವಿಗೆ ಅಂಜುವವನಿಗೆ ಹೇಳಿದ್ದು, ಮಗನನ್ನು ಮಣ್ಣು ಮಾಡಿದವಳಿಗಲ್ಲ. ಆದರೆ ಅವಳ ದುಃಖದ ಮೇಲೆ ನಾವು ಹೇರಿದ ಅಪರಾಧದ ಭಾರವನ್ನು ಅವನು ಇಳಿಸಬಲ್ಲ. ಬಯಲಲ್ಲಿ ಗಿಡ ಎತ್ತರವಿತ್ತು, ಹುಡುಗ ಅದರ ಕೆಳಗಿದ್ದ. ಆದದ್ದು ಇಷ್ಟೇ.

ಮುಂದಿನ ಸಲ ಸಿಡಿಲು ಬಡಿದ ಮನೆಗೆ ಹೋದಾಗ ತಾಯಿಯ ಹತ್ತಿರ ಕೂಡ್ರಿ, ನೀರು ಕೊಡಿ. ಪಾಪದ ಮಾತು ಮಾತ್ರ ತೆಗೆಯಬೇಡಿ.