ಮೆರ್ಸೆನ್ನನ ಸಂಖ್ಯೆಗಳೂ ಅರಿವಿನ ಪ್ರಮಾಣವೂ

ಒಬ್ಬನು ಮುಷ್ಟಿಯಲ್ಲಿ ಕವಡೆಗಳನ್ನು ಮುಚ್ಚಿ ಹಿಡಿದು ಎಷ್ಟೆಂದು ಕೇಳುತ್ತಾನೆ. ಇನ್ನೊಬ್ಬನು ಬಾಯಿಗೆ ಬಂದಂತೆ ಐದು ಎನ್ನುತ್ತಾನೆ. ಬಿಚ್ಚಿ ನೋಡಿದರೆ ಐದೇ ಇರುತ್ತವೆ. ಹೇಳಿದವನಿಗೆ ಅರಿವಿತ್ತೇ? ಖಂಡನಖಂಡಖಾದ್ಯದಲ್ಲಿ ಶ್ರೀಹರ್ಷನು ಎತ್ತಿದ ಈ ತೊಡಕಿಗೆ ಗಣಿತದ ಚರಿತ್ರೆಯಲ್ಲಿ ದೊಡ್ಡದೊಂದು ನಿದರ್ಶನವುಂಟು.

ಎರಡರ ಐದನೆಯ ಘಾತವು ೩೨. ಅದರಲ್ಲಿ ಒಂದನ್ನು ಕಳೆದರೆ ೩೧, ಅವಿಭಾಜ್ಯ ಸಂಖ್ಯೆ. ಹನ್ನೊಂದನೆಯ ಘಾತದಿಂದ ಹಾಗೆಯೇ ಬರುವ ೨೦೪೭ ಮಾತ್ರ ೨೩ ಮತ್ತು ೮೯ರ ಗುಣಲಬ್ಧ. ಇಂತಹವುಗಳಲ್ಲಿ ಯಾವುದು ಅವಿಭಾಜ್ಯವೆಂದು ನೋಡಿದೊಡನೆ ಹೇಳಲಾಗದು. ಆದರೂ ಪ್ಯಾರಿಸಿನ ಕ್ರೈಸ್ತ ಸಂನ್ಯಾಸಿ ಮೆರ್ಸೆನ್ನನು ೧೬೪೪ರಲ್ಲಿ ಅವಿಭಾಜ್ಯಗಳನ್ನು ಕೊಡುವ ಘಾತಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ೬೭, ೧೨೭ ಎರಡೂ ಅದರಲ್ಲಿದ್ದವು. ಉಪಪತ್ತಿಯನ್ನು ಕೊಡಲಿಲ್ಲ.

ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ೧೮೭೬ರಲ್ಲಿ, ಫ್ರಾನ್ಸಿನ ಲ್ಯೂಕಾ ಎಂಬ ಪಂಡಿತನು ಪರೀಕ್ಷೆಯ ಕ್ರಮವೊಂದನ್ನು ಕಂಡುಹಿಡಿದನು. ಮುಂದೆ ಲೆಹ್ಮರನು ಸುಲಭಗೊಳಿಸಿದ ರೂಪದಲ್ಲಿ ಅದು ಹೀಗಿದೆ: ೪ರ ವರ್ಗದಲ್ಲಿ ೨ನ್ನು ಕಳೆದರೆ ೧೪, ಅದರ ವರ್ಗದಲ್ಲಿ ೨ನ್ನು ಕಳೆದರೆ ೧೯೪, ೩೧ರಿಂದ ಭಾಗಿಸಲು ಶೇಷ ೮, ೮ರ ವರ್ಗದಲ್ಲಿ ೨ನ್ನು ಕಳೆದರೆ ೬೨, ಶೇಷ ಸೊನ್ನೆ. ಘಾತವು ಐದಾದುದರಿಂದ ಅದಕ್ಕೆರಡು ಕಡಮೆ, ಎಂದರೆ ಮೂರು ಸಲ ಮಾಡಿದ್ದಾಯಿತು. ಸೊನ್ನೆ ಉಳಿದುದರಿಂದ ೩೧ ಅವಿಭಾಜ್ಯ. ಸೊನ್ನೆ ಉಳಿಯದಿದ್ದರೆ ಅಲ್ಲ.

ಲ್ಯೂಕಾನು ತನ್ನ ಕ್ರಮದಿಂದ ೧೨೭ನೆಯ ಘಾತದ ೩೯ ಅಂಕಿಗಳ ಸಂಖ್ಯೆಯನ್ನು ಅವಿಭಾಜ್ಯವೆಂದು ಸಾಧಿಸಿದನು. ೧೯೫೧ರವರೆಗೆ ಅದಕ್ಕಿಂತ ದೊಡ್ಡ ಅವಿಭಾಜ್ಯವು ಯಾರಿಗೂ ತಿಳಿದಿರಲಿಲ್ಲ. ೬೭ನೆಯದು ಅವಿಭಾಜ್ಯವಲ್ಲವೆಂದೂ ಅವನೇ ತೋರಿಸಿದನು. ಅದರ ಅಪವರ್ತನಗಳು ಯಾವುವೆಂದು ಮಾತ್ರ ತಿಳಿಯಲಿಲ್ಲ. ಕಳವಾದದ್ದು ನಿಶ್ಚಯ, ಕಳ್ಳ ಸಿಕ್ಕಲಿಲ್ಲ. ೧೯೦೩ರಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಕೋಲ್ ಎಂಬವನು ೧೯,೩೭,೦೭,೭೨೧ನ್ನು ೭,೬೧,೮೩,೮೨,೫೭,೨೮೭ರಿಂದ ಗುಣಿಸಿ ಆ ಸಂಖ್ಯೆಯನ್ನೇ ಮುಂದಿಟ್ಟನು. ತುಟಿ ಬಿಚ್ಚದೆಯೇ ಹಲಗೆಯ ಮೇಲೆ ಬರೆದು ಕುಳಿತನೆಂದು ಪ್ರತೀತಿ. ಮಾತು ಏತಕ್ಕೆ ಬೇಕಿತ್ತು? ಗುಣಾಕಾರ ಬಲ್ಲ ಹುಡುಗನೂ ಸರಿನೋಡಬಹುದಾಗಿತ್ತು.

೬೭ರಲ್ಲಿ ಮೆರ್ಸೆನ್ನನು ತಪ್ಪಿದನು, ೧೨೭ರಲ್ಲಿ ಗೆದ್ದನು ಎಂದು ಲೆಕ್ಕ ಹಾಕುವುದು ವಾಡಿಕೆ. ಇದು ನ್ಯಾಯವೇ? ಎರಡನ್ನೂ ಅವನು ಒಂದೇ ಉಸಿರಿನಲ್ಲಿ, ಒಂದೇ ಧೈರ್ಯದಿಂದ ಹೇಳಿದನು. ಒಂದು ದಿಟವಾದುದು ಕಾಕತಾಳೀಯ. ಅವನನ್ನು ಸುಳ್ಳುಗಾರನೆಂದು ಯಾರೂ ಹೇಳರು. ಊಹೆಗೆ ನಿಶ್ಚಯದ ವೇಷವನ್ನು ತೊಡಿಸಿದುದೇ ದೋಷ, ಮತ್ತು ಆ ದೋಷವು ತಪ್ಪಿದ ಸಂಖ್ಯೆಯಲ್ಲಿ ಎಷ್ಟೋ ಸರಿಬಂದ ಸಂಖ್ಯೆಯಲ್ಲಿಯೂ ಅಷ್ಟೇ. ಲೋಕವು ಮೊದಲನೆಯದಕ್ಕೆ ನಗುತ್ತದೆ, ಎರಡನೆಯದಕ್ಕೆ ಬಹುಮಾನ ಕೊಡುತ್ತದೆ.

೨೦೨೪ರ ಅಕ್ಟೋಬರಿನಲ್ಲಿ ಇದೇ ಜಾತಿಯ ಅವಿಭಾಜ್ಯವೊಂದು ಪ್ರಕಟವಾಯಿತು. ಅದರಲ್ಲಿ ೪,೧೦,೨೪,೩೨೦ ಅಂಕಿಗಳಿವೆ. ಯಾವ ಮನುಷ್ಯನೂ ಕೈಯಿಂದ ಗುಣಿಸಿ ಪರೀಕ್ಷಿಸಲಾರನು. ಅದನ್ನು ಒಪ್ಪುವವರು ಯಂತ್ರದ ಮಾತನ್ನೇ ಒಪ್ಪಬೇಕು. ಆದರೆ ಲ್ಯೂಕಾನ ಕ್ರಮವು ಅಲ್ಲಿ ಎಲ್ಲರೆದುರಿಗೂ ಇದೆ. ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ವಿಧಾನಗಳಿಂದ ಅದನ್ನು ಮರಳಿ ನಡೆಸಿ ನೋಡಿವೆ. ಪ್ರತಿಸಲವೂ ಕೊನೆಗೆ ಉಳಿದದ್ದು ಸೊನ್ನೆ.